ತಪ್ಪಿನ ಪಟ್ಟಿಯಿಂದ ಕೇಳುವ ಕಿವಿಯವರೆಗೆ

ವಿದೇಶಕ್ಕೆ ಓದಲು ಹೊರಟವರ ಇಂಗ್ಲಿಷ್ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗದಲ್ಲಿ ಅಭ್ಯರ್ಥಿಯ ಕೈಗೆ ಒಂದು ಚೀಟಿ ಕೊಡುತ್ತಾರೆ. ‘ನೀವು ನೋಡಿದ ಐತಿಹಾಸಿಕ ಸ್ಥಳವೊಂದನ್ನು ವರ್ಣಿಸಿ’ ಎಂಬಂಥ ವಿಷಯ. ಯೋಚಿಸಲು ಒಂದು ನಿಮಿಷ, ಮಾತಾಡಲು ಹೆಚ್ಚೆಂದರೆ ಎರಡು. ತರೀಕೆರೆ ತಾಲ್ಲೂಕಿನ ಅಮೃತಾಪುರದಿಂದ ಹೊರಟ ಹುಡುಗಿಗೆ ಇದಕ್ಕಿಂತ ಸಲೀಸಾದ ಪ್ರಶ್ನೆ ಇರಲಾರದು ಅನ್ನಿಸಬಹುದು. ಊರಲ್ಲೇ 1196ರ ಅಮೃತೇಶ್ವರ ದೇಗುಲವಿದೆ. ಅಲ್ಲಿನ ಶಾಸನ ಬರೆದವನು ಕವಿ ಜನ್ನ. ಮಂಟಪದ ಹೊರಗೋಡೆಯಲ್ಲಿ 140 ಕಥಾಫಲಕಗಳು. ದಕ್ಷಿಣದ ಗೋಡೆಯ ಎಪ್ಪತ್ತರಲ್ಲಿ ರಾಮಾಯಣ, ಅದೂ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣೆಯಲ್ಲಿ ಸಾಗುತ್ತದೆ. ಆದರೆ ಪರೀಕ್ಷಕರು ಅಂಕ ಕೊಡುವುದು ನಾಲ್ಕಕ್ಕೆ: ಮಾತಿನ ಓಟ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ಜನ್ನ ಗೊತ್ತಿದ್ದರೆ ಐದನೆಯದೇನೂ ಸಿಗುವುದಿಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ಕೇಳುವ ಆರೂವರೆ ಬ್ಯಾಂಡ್ ಬಂದರೆ ವಿಮಾನ, ಬರದಿದ್ದರೆ ಇನ್ನೊಂದು ಸಲ ಶುಲ್ಕ.

ಈ ನಾಲ್ಕು ಕಂಬಗಳು ಒಂದೇ ದಿನ ಎದ್ದು ನಿಂತವಲ್ಲ. ಪರದೇಶಕ್ಕೆ ಓದಲು ಬಂದವರಿಗೆ ಇಂಗ್ಲಿಷ್ ಕಲಿಸುವುದು ಹೇಗೆ, ಅವರು ಕಲಿಯುವುದು ಹೇಗೆ, ಕಲಿಯುವಾಗ ಅವರಿಗೆ ಏನಾಗುತ್ತದೆ ಎಂಬ ವಿಚಾರಣೆಗೆ ಎಂಬತ್ತು ವರ್ಷ ದಾಟಿದೆ. ಅದರ ಇತಿಹಾಸದಲ್ಲಿ ಕರ್ನಾಟಕದ ಹೆಸರು ಒಂದೆರಡು ಆಯಕಟ್ಟಿನ ಜಾಗಗಳಲ್ಲೇ ಬರುತ್ತದೆ. ನಮ್ಮಲ್ಲಿ ಇದರ ಸುದ್ದಿ ಕಡಿಮೆ.

ಆರಂಭ ಅಮೆರಿಕದ್ದು. 1941ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫ್ರೀಸ್ ಇಂಗ್ಲಿಷ್ ಭಾಷಾ ಸಂಸ್ಥೆಯೊಂದನ್ನು ತೆರೆದರು. ಹೊರಗಿನಿಂದ ಬಂದವರಿಗೆ ವಾಕ್ಯದ ಅಚ್ಚುಗಳನ್ನು ಕೊಟ್ಟು, ನಾಲಿಗೆಗೆ ಹತ್ತುವವರೆಗೂ ಉಜ್ಜಿಸುವುದು ಅಲ್ಲಿನ ಕ್ರಮ. ಅವರ ಶಿಷ್ಯ ರಾಬರ್ಟ್ ಲಾಡೊ 1957ರಲ್ಲಿ ಇದಕ್ಕೊಂದು ಸಿದ್ಧಾಂತ ಒದಗಿಸಿದರು: ತಾಯ್ನುಡಿಯನ್ನೂ ಇಂಗ್ಲಿಷನ್ನೂ ಎದುರುಬದುರು ಇಟ್ಟು ನೋಡಿದರೆ ಎಲ್ಲಿ ಎಡವುತ್ತಾರೆಂದು ಮೊದಲೇ ಹೇಳಬಹುದು. ಕನ್ನಡದ ಮಟ್ಟಿಗೆ ಈ ಲೆಕ್ಕ ಸ್ವಲ್ಪ ದೂರ ನಡೆಯುತ್ತದೆ. ‘ಎಂಜಿನ್’ ನಮ್ಮ ಬಾಯಲ್ಲಿ ‘ಯೆಂಜಿನ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಇಂಗ್ಲಿಷಿನ ಎರಡು ಬಗೆಯ ವಕಾರ ನಮಗೆ ಒಂದೇ. ಆದರೆ ಹೀಗೆ ಮೊದಲೇ ಊಹಿಸಬಹುದಾದ ತಪ್ಪಿಗಿಂತ ಊಹೆಗೆ ಸಿಗದ ತಪ್ಪುಗಳೇ ಹೆಚ್ಚೆಂದು ಹತ್ತೇ ವರ್ಷದಲ್ಲಿ ಗೊತ್ತಾಯಿತು. 1967ರಲ್ಲಿ ಪಿಟ್ ಕಾರ್ಡರ್ ತಪ್ಪನ್ನು ಕಲಿಕೆಯ ಕುರುಹು ಎಂದರು. 1972ರಲ್ಲಿ ಲ್ಯಾರಿ ಸೆಲಿಂಕರ್, ಕಲಿಯುವವನ ಬಾಯಲ್ಲಿರುವುದು ಕೆಟ್ಟ ಇಂಗ್ಲಿಷಲ್ಲ, ತನ್ನದೇ ನಿಯಮಗಳಿರುವ ನಡುವಣ ಭಾಷೆ ಎಂದರು. ತಪ್ಪಿಗೆ ಬೆತ್ತ ಎತ್ತುವ ಕಾಲ ಪುಸ್ತಕದಲ್ಲಾದರೂ ಮುಗಿಯಿತು.

ಇತ್ತ ಸಮಾಜವಿಜ್ಞಾನಿಗಳು ಬೇರೆಯೇ ದಾರಿ ಹಿಡಿದಿದ್ದರು. ಫುಲ್‌ಬ್ರೈಟ್ ನೆರವಿನಲ್ಲಿ ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ಸ್ವೆರ್ರೆ ಲೀಸ್‌ಗಾರ್ಡ್ ಒಂದು ರೇಖೆ ಎಳೆದರು: ಮೊದಲು ಉಲ್ಲಾಸ, ನಡುವೆ ಕುಸಿತ, ಆಮೇಲೆ ಚೇತರಿಕೆ. ಇಂದಿಗೂ ವಿದೇಶಕ್ಕೆ ಹೊರಟವರ ತಿಳಿವಳಿಕೆ ಶಿಬಿರಗಳಲ್ಲಿ ಆ ರೇಖೆಯನ್ನೇ ತೋರಿಸುತ್ತಾರೆ. ಯುರೋಪಿನವರ ಅನುಭವದಿಂದ ಹುಟ್ಟಿದ ರೇಖೆ ತರೀಕೆರೆಯವರಿಗೆ ಎಷ್ಟು ಹೊಂದುತ್ತದೆಂದು ಕೇಳುವವರು ಕಡಿಮೆ. 1966ರಲ್ಲಿ ರಾಬರ್ಟ್ ಕ್ಯಾಪ್ಲನ್ ವಿದೇಶಿ ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದಿ ಇನ್ನಷ್ಟು ಧೈರ್ಯ ಮಾಡಿದರು. ಇಂಗ್ಲಿಷಿನವರ ವಿಚಾರ ನೇರ ಗೆರೆ, ಪೂರ್ವದವರದು ಸುತ್ತಿ ಸುತ್ತಿ ಒಳಸೇರುವ ಸುರುಳಿ ಎಂದು ಚಿತ್ರ ಬರೆದೇ ತೋರಿಸಿದರು. ನಮ್ಮ ಎ.ಎನ್. ಮೂರ್ತಿರಾಯರ ಒಂದು ಲಲಿತ ಪ್ರಬಂಧ ಕೈಗೆ ಕೊಟ್ಟಿದ್ದರೆ ಅವರು ಯಾವ ಆಕಾರ ಬಿಡಿಸುತ್ತಿದ್ದರೋ! ಆ ಚಿತ್ರಗಳನ್ನು ಮುಂದಿನವರು ಬೇಕಾದಷ್ಟು ಟೀಕಿಸಿದರು. ಆದರೂ ‘ಮೊದಲ ಪ್ಯಾರಾದಲ್ಲೇ ವಾದ ಹೇಳಿಬಿಡು’ ಎಂಬ ಬರವಣಿಗೆ ತರಗತಿಯ ಬುದ್ಧಿಮಾತಿನಲ್ಲಿ ಅವು ಉಸಿರಾಡುತ್ತಲೇ ಇವೆ.

ಈ ವಿದ್ವಾಂಸರು ಲೆಕ್ಕ ಹಾಕುತ್ತಿದ್ದ ಕಾಲದಲ್ಲೇ, ಅದಕ್ಕೂ ಮೊದಲೇ, ನಮ್ಮವರು ಇಂಗ್ಲೆಂಡಿನಲ್ಲಿ ಓದುತ್ತಿದ್ದರು. ಅವರ ಅನುಭವ ಯಾವ ರೇಖೆಗೂ ಕೂರುವುದಿಲ್ಲ. ವಿ.ಕೃ. ಗೋಕಾಕ್ ಮೂವತ್ತರ ದಶಕದಲ್ಲೇ ಆಕ್ಸ್‌ಫರ್ಡ್‌ಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದರು. ಮುಂದೆ, 1958ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆದರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದ 1981ರ ವರದಿಯೂ ಅವರದೇ. ಇದರಲ್ಲಿ ವಿರೋಧವಿದೆ ಎನ್ನುವವರಿದ್ದಾರೆ, ನನಗೇನೋ ಕಾಣುವುದಿಲ್ಲ. ಇಂಗ್ಲಿಷ್ ಕವಿಯಾಗುವ ಆಸೆ ಹೊತ್ತು ಆಕ್ಸ್‌ಫರ್ಡ್‌ಗೆ ಸಿದ್ಧರಾಗುತ್ತಿದ್ದ ಗಿರೀಶ ಕಾರ್ನಾಡರಿಂದ ಹೊರಡುವ ಮುನ್ನ ಬಂದದ್ದು ‘ಯಯಾತಿ’, ಕನ್ನಡದ ನಾಟಕ. ಇನ್ನು ಮೇಳಿಗೆಯ ಯು.ಆರ್. ಅನಂತಮೂರ್ತಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿ ಜೊತೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ನೋಡಿದರು. ಸ್ವೀಡಿಷ್ ಚಿತ್ರ, ಕೆಳಗೆ ಇಂಗ್ಲಿಷ್ ಸಾಲುಗಳಿಲ್ಲ. ಅರ್ಧಂಬರ್ಧ ತಿಳಿದ ಆ ಸಂಜೆಯೇ ‘ಸಂಸ್ಕಾರ’ಕ್ಕೆ ಕಿಡಿಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಪೂರ್ತಿ ಅರ್ಥವಾಗದಿರುವುದನ್ನು ಸಂಶೋಧಕರು ಕೊರತೆಯ ಖಾತೆಗೆ ಬರೆಯುತ್ತಾರೆ. ಅದರಿಂದ ಒಂದು ಕಾದಂಬರಿ ಹುಟ್ಟಿದರೆ ಯಾವ ಖಾತೆಗೆ? ಇವರೆಲ್ಲ ಹೊರಡುವ ಮೊದಲೇ ಇಂಗ್ಲಿಷನ್ನು ಅರೆದು ಕುಡಿದಿದ್ದವರು, ಕಾರ್ನಾಡ್ ಮತ್ತು ಅನಂತಮೂರ್ತಿಯವರಂತೂ ವಿದ್ಯಾರ್ಥಿವೇತನದವರು ಎಂಬುದನ್ನೂ ಮರೆಯಬಾರದು. ಇಂದು ತೋಟದ ಮೇಲೆ ಸಾಲವೆತ್ತಿ ಹೊರಡುವವರ ಪಾಡು ಇನ್ನೊಂದು.

ಬೋಧನೆಯ ಚರಿತ್ರೆಯ ದೊಡ್ಡ ತಿರುವು ಬಂದದ್ದು ಬೆಂಗಳೂರಿನಿಂದ. 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠವಿಲ್ಲ, ಉರು ಹೊಡೆಯುವುದಿಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು, ಇಂಥ ಹೊತ್ತಿಗೆ ಇಂಥ ಊರು ಮುಟ್ಟಬೇಕಾದರೆ ಯಾವ ಗಾಡಿ ಹತ್ತಬೇಕು ಎಂದು ಕೇಳುವುದು. ನಕ್ಷೆ ಕೊಟ್ಟು ದಾರಿ ಹೇಳಿಸುವುದು. ಮೊದಲು ಮೇಷ್ಟರು ಇಡೀ ತರಗತಿಯೊಂದಿಗೆ ಒಂದು ಲೆಕ್ಕ ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಾರೆ. ಮನಸ್ಸು ಅರ್ಥದ ಹಿಂದೆ ಬಿದ್ದಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಇದನ್ನು ಜಗತ್ತು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. 1987ರಲ್ಲಿ ಬಂದ ಅವರ ಪುಸ್ತಕ, ಚಟುವಟಿಕೆಯ ಮೂಲಕ ಭಾಷೆ ಕಲಿಸುವ ಪದ್ಧತಿಗೆ ಮೂಲಗ್ರಂಥಗಳಲ್ಲಿ ಒಂದಾಯಿತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಪೂರ್ವಸಿದ್ಧತಾ ತರಗತಿಗಳಲ್ಲಿ ವಿದೇಶಿ ವಿದ್ಯಾರ್ಥಿಗಳು ಗುಂಪು ಗುಂಪಾಗಿ ಕೂತು ಸಮಸ್ಯೆ ಬಿಡಿಸುವುದಕ್ಕೂ ಈ ಪದ್ಧತಿಗೂ ನಂಟಿದೆ. ಬೆಂಗಳೂರಿನ ಸರಕು ಅಲ್ಲಿ ವಿಲಾಯತಿ ಸರಕಾಗಿ ಸಿಗುತ್ತದೆ.

ಈ ಇತಿಹಾಸದೊಂದಿಗೆ ಕರ್ನಾಟಕದ ಎರಡನೆಯ ನಂಟು ಗಡಿಯಲ್ಲಿದೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳ ಕಾಲ ಒಟ್ಟಿಗೆ ಬಾಳಿ, ಶಬ್ದ ಬೇರೆಯಾದರೂ ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ ಆಗಿದೆ ಎಂದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ತೋರಿಸಿದರು. ಅದೇ ಗಂಪರ್ಜ್ ಮುಂದೆ ಬ್ರಿಟನ್ನಿನ ವಿಮಾನ ನಿಲ್ದಾಣವೊಂದರ ಉಪಾಹಾರ ಗೃಹಕ್ಕೆ ಹೋದರು. ಅಲ್ಲಿ ಕೆಲಸಕ್ಕಿದ್ದ ಭಾರತ, ಪಾಕಿಸ್ತಾನದ ಹೆಂಗಸರು ಒರಟು ಎಂಬ ದೂರಿತ್ತು. ನೋಡಿದರೆ ಜಗಳದ ಬೇರು ಒಂದೇ ಪದದ ರಾಗ. ‘ಗ್ರೇವಿ’ ಬೇಕೇ ಎಂದು ಕೇಳುವಾಗ ಇಂಗ್ಲಿಷರು ದನಿ ಏರಿಸುತ್ತಾರೆ, ಇವರು ಇಳಿಸುತ್ತಿದ್ದರು. ಬಡಿಸುವವರಿಗೆ ಅದು ವಿಚಾರಣೆ, ತಿನ್ನುವವರಿಗೆ ‘ತಗೋ, ಬಿದ್ಕೊ’. ನಮ್ಮ ವಿದ್ಯಾರ್ಥಿಗಳಿಗೂ ಇದು ಚೆನ್ನಾಗಿ ತಟ್ಟುತ್ತದೆ. ‘ಸರ್, ನನ್ನ ಅಧ್ಯಾಯ ನೋಡಿ’ ಎಂಬಲ್ಲಿ ವಿನಯವೆಲ್ಲ ಕ್ರಿಯಾಪದದ ಕೊನೆಯಲ್ಲಿ ಕೂತಿದೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದು ಮೇಲ್ ಕಳಿಸಿದರೆ ಮಾರ್ಗದರ್ಶಕರಿಗೆ ಅಪ್ಪಣೆಯಂತೆ ಕೇಳುತ್ತದೆ. ವ್ಯಾಕರಣ ತಪ್ಪಿದರೆ ಭಾಷೆ ಬಾರದು ಎನ್ನುತ್ತಾರೆ, ಇಂಥದ್ದು ತಪ್ಪಿದರೆ ಮನುಷ್ಯನೇ ಸರಿಯಿಲ್ಲ ಎನ್ನುತ್ತಾರೆ. 1983ರಲ್ಲಿ ಜೆನ್ನಿ ಥಾಮಸ್ ಎತ್ತಿ ತೋರಿಸಿದ್ದು ಇದನ್ನೇ.

ಹಾಗಾದರೆ ತಿದ್ದಿಕೊಳ್ಳಬೇಕಾದವರು ಯಾರು? ಬೆಂಗಳೂರಿನಲ್ಲಿ ಓದಿ ಅಮೆರಿಕದಲ್ಲಿ ಭಾಷಾವಿಜ್ಞಾನಿಯಾದ ಎಸ್.ಎನ್. ಶ್ರೀಧರ್, ಕಮಲ್ ಶ್ರೀಧರ್ ಜೊತೆ 1986ರಲ್ಲಿ ಬರೆದ ಲೇಖನ ಈ ಪ್ರಶ್ನೆಯನ್ನು ನೇರವಾಗಿ ಇಟ್ಟಿತು. ಭಾರತದಂಥ ಕಡೆ ಇಂಗ್ಲಿಷ್ ಕಲಿಯುವವರು ಇಂಗ್ಲೆಂಡಿನವರಂತೆ ಆಗಲು ಹೊರಟವರಲ್ಲ. ಅವರಿಗೆ ಬೇರೆ ಭಾಷೆಗಳಿವೆ, ಇಂಗ್ಲಿಷಿಗೆ ಅವರಲ್ಲಿ ಬೇರೆ ಕೆಲಸವಿದೆ. ಅವರನ್ನು ಸದಾ ಅರ್ಧದಲ್ಲಿ ನಿಂತವರೆಂದು ಅಳೆಯುವ ಸಿದ್ಧಾಂತವೇ ಅಪೂರ್ಣ ಎಂದರು. 1992ರಲ್ಲಿ ಡೊನಾಲ್ಡ್ ರೂಬಿನ್ ನಡೆಸಿದ ಪ್ರಯೋಗ ಇನ್ನೂ ಚುರುಕು. ಅಮೆರಿಕದವರದೇ ದನಿಯ ಉಪನ್ಯಾಸದ ಧ್ವನಿಮುದ್ರಿಕೆ; ಒಂದು ಗುಂಪಿಗೆ ಬಿಳಿ ಹೆಂಗಸಿನ ಫೋಟೊ ತೋರಿಸಿದರು, ಇನ್ನೊಂದಕ್ಕೆ ಏಷ್ಯಾದ ಹೆಂಗಸಿನದು. ಏಷ್ಯಾದ ಮುಖ ಕಂಡವರಿಗೆ ಇಲ್ಲದ ಪರಕೀಯ ಉಚ್ಚಾರ ಕೇಳಿಸಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಪ್ರಯೋಗ ಇದೇ. ಕಲಿಯುವವರ ನಾಲಿಗೆಯನ್ನು ಅರ್ಧ ಶತಮಾನ ಪರೀಕ್ಷಿಸಿದ ಮೇಲೆ ಕೇಳುವವರ ಕಿವಿಯ ಸರದಿ ಬಂತು.

ಪರೀಕ್ಷೆಗಳಿಗೆ ಮಾತ್ರ ಈ ಗಾಳಿ ಅಷ್ಟಾಗಿ ಸೋಕಿಲ್ಲ. 1964ರಲ್ಲಿ ಟೋಫೆಲ್, 1989ರಲ್ಲಿ ಐಇಎಲ್‌ಟಿಎಸ್, ಈಗ ಮನೆಯಲ್ಲೇ ಕೂತು ಬರೆಯುವ ಡುಯೊಲಿಂಗೊವರೆಗೂ ಅಳೆಯುವುದು ಅಭ್ಯರ್ಥಿಯನ್ನೇ. ಅಂಕದ ಆಯುಸ್ಸು ಎರಡೇ ವರ್ಷ. 2014ರಲ್ಲಿ ಬ್ರಿಟನ್ನಿನಲ್ಲಿ ಇಂಗ್ಲಿಷ್ ಪರೀಕ್ಷೆಯ ವಂಚನೆ ಬಯಲಾದಾಗ ಸಾವಿರಾರು ವಿದ್ಯಾರ್ಥಿಗಳ ವೀಸಾ ಹೋಯಿತು. ತಪ್ಪೇ ಮಾಡಿಲ್ಲ ಎಂದವರು ವರ್ಷಗಟ್ಟಲೆ ಕೋರ್ಟು ಸುತ್ತಿದರು. ಇಷ್ಟಾದರೂ ಹೊರಡುವವರ ಸಂಖ್ಯೆ ಏರಿತು. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602; ಚೀನಾವನ್ನೂ ಹಿಂದಿಕ್ಕಿದ ಸಂಖ್ಯೆ. ಇವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಇದ್ದಕ್ಕಿದ್ದಂತೆ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ನುಂಗಿ, ಎಂಜಿನಿಯರಿಂಗ್ ಮುಗಿಸಿ ಹೋದವರೂ ಇದ್ದಾರೆ. ಅವರ ಮೊದಲ ಪರದೇಶ ಟೆಕ್ಸಾಸ್ ಅಲ್ಲ, ತರೀಕೆರೆಯ ಪಿಯು ತರಗತಿ. ‘ಭಾರತೀಯ ವಿದ್ಯಾರ್ಥಿ’ ಎಂಬ ಒಂದೇ ತಲೆಬರಹದ ಕೆಳಗೆ ಬೆಂಗಳೂರಿನ ಕಾನ್ವೆಂಟಿನವನನ್ನೂ ಇವರನ್ನೂ ಒಟ್ಟಿಗೆ ಎಣಿಸುವ ಸಂಶೋಧನೆಗೆ ಈ ಫರಕು ಕಾಣುವುದಿಲ್ಲ.

ಹರಿವು ಒಂದೇ ದಿಕ್ಕಿನದೂ ಅಲ್ಲ. ಇರಾನ್, ಯೆಮನ್, ಅಫ್ಘಾನಿಸ್ತಾನ ಮತ್ತು ಆಫ್ರಿಕದ ದೇಶಗಳಿಂದ ಮೈಸೂರಿಗೆ ಓದಲು ಬರುವವರಿಗೆ ನಮ್ಮೂರೇ ವಿದೇಶಿ ವಿಶ್ವವಿದ್ಯಾಲಯ. ಪ್ರಬಂಧ ಬರೆಯುವುದು ಇಂಗ್ಲಿಷಿನಲ್ಲಿ, ಅದನ್ನು ಆಡಿ ಕಲಿಯುವುದು ಮನೆ ಬಾಡಿಗೆಗೆ ಕೊಟ್ಟವರೊಂದಿಗೆ, ಆಟೊದವರೊಂದಿಗೆ, ‘ಅಡ್ಜಸ್ಟ್ ಮಾಡಿ’ ಎನ್ನುವ ಕಚೇರಿ ಗುಮಾಸ್ತರೊಂದಿಗೆ. ಇಲ್ಲಿ ಕೇಳುವ ಕಿವಿ ನಮ್ಮದು. ‘ಯೆಂಜಿನ್’ ಎನ್ನುವ ನಾವು ಅವರ ಉಚ್ಚಾರಕ್ಕೆ ಮುಸಿಮುಸಿ ನಗುವುದೂ ಉಂಟು.