ನಲವತ್ತೊಂಬತ್ತು, ಸೊನ್ನೆ

ಕನ್ನಡದಲ್ಲಿ ‘ಅಭಿಮಾನ’ ಎಂಬ ಮಾತಿಗೆ ಎರಡು ಅರ್ಥ. ಇನ್ನೊಬ್ಬರ ಮೇಲಿನ ಮೆಚ್ಚಿಗೆಯೂ ಅಭಿಮಾನವೇ, ತನ್ನ ಬಗ್ಗೆ ತನಗಿರುವ ಹೆಮ್ಮೆಯೂ ಅಭಿಮಾನವೇ. ನಾವು ಅಭಿಮಾನಿಗಳೆಂದು ಕರೆಯುವ ಜನರಲ್ಲಿ ಇವೆರಡೂ ಹಾಲುನೀರಿನಂತೆ ಬೆರೆತಿರುತ್ತವೆ. ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಅಮೆರಿಕದ ಬಾಕ್ಸಿಂಗ್ ಚರಿತ್ರೆಯನ್ನು ಓದುವಾಗ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಹೆಂಗಸಿಗೆ ಈ ಗುದ್ದಾಟದ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ಅಣ್ಣ. ಅವನ ವಿಷಯ ಮುಂದೆ ಬರುತ್ತದೆ.

ಮೊದಲು ರಾಕಿ ಮಾರ್ಸಿಯಾನೋನ ಕಥೆ. ಆತ ಹುಟ್ಟಿದ್ದು 1923ರಲ್ಲಿ, ಮಸಾಚುಸೆಟ್ಸ್ ರಾಜ್ಯದ ಬ್ರಾಕ್ಟನ್‌ನಲ್ಲಿ. ಅದು ಬೂಟು ತಯಾರಿಸುವ ಕಾರ್ಖಾನೆಗಳ ಊರು. ಇಟಲಿಯಿಂದ ವಲಸೆ ಬಂದಿದ್ದ ತಂದೆ ಅಂಥದೊಂದು ಕಾರ್ಖಾನೆಯ ಕೆಲಸಗಾರ. ಮಗ ಹೆವಿವೇಟ್ ಬಾಕ್ಸರ್ ಆದ. ಹೆವಿವೇಟ್ ಎಂದರೆ ತೂಕಕ್ಕೆ ಮೇಲಿನ ಮಿತಿಯಿಲ್ಲದ, ಎಲ್ಲಕ್ಕಿಂತ ದೊಡ್ಡ ದರ್ಜೆ. ಆ ದರ್ಜೆಗೆ ಆತ ಕುಳ್ಳ, ತೋಳು ಗಿಡ್ಡ, ಆಟ ಒರಟು. ಆದರೆ ಏಟು ತಿನ್ನುತ್ತಲೇ ಮುನ್ನುಗ್ಗುವ ಗಟ್ಟಿತನ ಇತ್ತು, ಬಲಗೈಯಲ್ಲಿ ಭಾರಿ ಪೆಟ್ಟಿತ್ತು. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್‌ನ ಎದುರು ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದ, ಅಂಕಗಳಲ್ಲೂ ಹಿಂದುಳಿದಿದ್ದ. ಹದಿಮೂರನೆಯ ಸುತ್ತಿನಲ್ಲಿ ಬಲಗೈಯ ಒಂದು ಪೆಟ್ಟಿನಿಂದ ವಾಲ್ಕಾಟ್‌ನನ್ನು ಕೆಡವಿ ಪಟ್ಟ ಗೆದ್ದ. ಅದನ್ನು ಆರು ಸಲ ಉಳಿಸಿಕೊಂಡು 1956ರ ಏಪ್ರಿಲ್‌ನಲ್ಲಿ ನಿವೃತ್ತನಾದ. ಆಡಿದ್ದು 49, ಗೆದ್ದದ್ದು 49, ಅದರಲ್ಲಿ ನಾಕೌಟ್ 43. ಒಂದೂ ಸೋಲಿಲ್ಲ, ಸಮವೂ ಇಲ್ಲ.

ಇಷ್ಟು ಸ್ಪಷ್ಟವಾದ ಲೆಕ್ಕದ ಮೇಲೆ ವಾದಕ್ಕೆ ಎಡೆ ಎಲ್ಲಿ ಎನ್ನಿಸುತ್ತದೆ. ಆದರೆ ವಾದ ಶುರುವಾಗುವುದೇ ಅಲ್ಲಿಂದ. ಆತನನ್ನು ಒಪ್ಪದವರು ಎದುರಾಳಿಗಳ ವಯಸ್ಸು ತೆಗೆಯುತ್ತಾರೆ. 1951ರಲ್ಲಿ ಸೋತ ಜೋ ಲೂಯಿಸ್‌ಗೆ 37 ವರ್ಷ, ವಾಲ್ಕಾಟ್‌ಗೆ 38, ಕೊನೆಯ ಪಂದ್ಯದ ಆರ್ಚಿ ಮೂರ್ ನಲವತ್ತರ ಆಸುಪಾಸು. 1950ರಲ್ಲಿ ರೋಲ್ಯಾಂಡ್ ಲಸ್ಟಾರ್ಜಾನ ಎದುರು ಸುತ್ತುಗಳ ಲೆಕ್ಕದಲ್ಲಿ ತೀರ್ಮಾನವಾಗದೆ ಪೂರಕ ಅಂಕಗಳಿಂದ ಆತ ಗೆದ್ದದ್ದನ್ನೂ ನೆನಪಿಸುತ್ತಾರೆ. ಅಭಿಮಾನಿಗಳ ಉತ್ತರವೂ ಸಿದ್ಧವಾಗಿರುತ್ತದೆ: ಆ ಕಾಲದಲ್ಲಿ ಇದ್ದವರನ್ನೆಲ್ಲ ಆತ ಹೊಡೆದ, ಇಲ್ಲದವರನ್ನು ಎಲ್ಲಿಂದ ತರಬೇಕಿತ್ತು? ಎರಡು ಕಡೆಯವರೂ ಹೇಳುವುದು ನಿಜವೇ. ಯಾವ ನಿಜವನ್ನು ಮೊದಲು ಹೇಳುತ್ತಾರೆ, ಯಾವುದನ್ನು ನುಂಗಿಕೊಳ್ಳುತ್ತಾರೆ ಎಂಬುದರಲ್ಲಿ ಮಾತ್ರ ಅವರವರ ಮನಸ್ಸು ತಿಳಿಯುತ್ತದೆ.

ಲೂಯಿಸ್ ಸೋತ ರಾತ್ರಿಯನ್ನೇ ನೋಡಿ. ಆತ 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದವನು, ಪಟ್ಟವನ್ನು 25 ಸಲ ಉಳಿಸಿಕೊಂಡವನು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಶಾಲೆಯಲ್ಲಿ ಬಿಳಿಯರ ಪಕ್ಕ ಕೂರಲು ಬಿಡದಿದ್ದ ದೇಶದಲ್ಲಿ ಕರಿಯ ಜನರಿಗೆ ಆತನ ಗೆಲುವು ತಮ್ಮ ಗೆಲುವಾಗಿತ್ತು. 1938ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಆತ 124 ಸೆಕೆಂಡುಗಳಲ್ಲಿ ಸೋಲಿಸಿದಾಗ ರೇಡಿಯೋ ಮುಂದೆ ಕೂತಿದ್ದವರು ಬೀದಿಗಿಳಿದು ಕುಣಿದರು. ಅಂಥವನು ತೆರಿಗೆಯ ಸಾಲ ತೀರಿಸಲು ಮತ್ತೆ ಕಣಕ್ಕಿಳಿದು, 1951ರ ಅಕ್ಟೋಬರ್ 26ರಂದು ನ್ಯೂಯಾರ್ಕಿನಲ್ಲಿ ಎಂಟನೆಯ ಸುತ್ತಿನಲ್ಲಿ ಮಾರ್ಸಿಯಾನೋನ ಕೈಯಲ್ಲಿ ಬಿದ್ದ. ಗೆದ್ದ ಮಾರ್ಸಿಯಾನೋ ಲೂಯಿಸ್‌ನ ಕೋಣೆಗೆ ಹೋಗಿ ಅತ್ತನೆಂದು ಹೇಳುತ್ತಾರೆ. ದಾಖಲೆಯಲ್ಲಿ ಅದು ಒಂದು ಗೆಲುವು, ಅಷ್ಟೆ. ಬ್ರಾಕ್ಟನ್‌ನ ಕಾರ್ಮಿಕನಿಗೆ ಅದು ತನ್ನ ಹುಡುಗ ದೊಡ್ಡವನಾದ ದಿನ. ಲೂಯಿಸ್‌ನನ್ನು ಪ್ರೀತಿಸಿದವರಿಗೆ ಮನೆಯ ಹಿರಿಯನೊಬ್ಬ ಎಲ್ಲರ ಮುಂದೆ ಎಡವಿ ಬಿದ್ದ ದಿನ.

ಈ ಬಣ್ಣದ ಲೆಕ್ಕ ಬಯಲಿಗೆ ಬಂದದ್ದು 1970ರಲ್ಲಿ. ವಿಯೆಟ್ನಾಂ ಯುದ್ಧದ ಸೈನ್ಯಕ್ಕೆ ಸೇರಲು ಒಪ್ಪದ ಮುಹಮ್ಮದ್ ಅಲಿಯಿಂದ 1967ರಲ್ಲಿ ಪಟ್ಟವನ್ನು ಕಿತ್ತುಕೊಂಡಿದ್ದರು. ಅಲಿಯನ್ನೂ, ನಿವೃತ್ತನಾಗಿ ಹದಿಮೂರು ವರ್ಷ ಕಳೆದಿದ್ದ ಮಾರ್ಸಿಯಾನೋನನ್ನೂ ಒಂದೇ ಕಣದಲ್ಲಿ ನಿಲ್ಲಿಸಿ, ಬೇರೆ ಬೇರೆ ಕೊನೆಗಳಿರುವಂತೆ ಸಿನಿಮಾ ತೆಗೆದರು. ಯಾರು ಗೆದ್ದರೆಂದು ಕಂಪ್ಯೂಟರ್ ಹೇಳುತ್ತದೆ ಎಂದು ಪ್ರಚಾರ ಮಾಡಿದರು. ಅಮೆರಿಕದಲ್ಲಿ ತೋರಿಸಿದ ಪ್ರತಿಯಲ್ಲಿ ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದ. ಯುರೋಪಿನವರಿಗೆ ಅಲಿ ಗೆಲ್ಲುವ ಕೊನೆಯನ್ನು ತೋರಿಸಿದರು. ಆ ಕಂಪ್ಯೂಟರನ್ನು ಅಲಬಾಮಾದಲ್ಲಿ, ಎಂದರೆ ವರ್ಣಭೇದಕ್ಕೆ ಹೆಸರಾದ ರಾಜ್ಯದಲ್ಲಿ ಮಾಡಿರಬೇಕು ಎಂದು ಅಲಿ ಗೇಲಿ ಮಾಡಿದನಂತೆ. ಇದನ್ನು ನೋಡಲು ಮಾರ್ಸಿಯಾನೋ ಇರಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು, ಅಯೋವಾ ರಾಜ್ಯದಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದ. ನಡೆಯದ ಪಂದ್ಯಕ್ಕೂ ಊರಿಗೊಂದು ಫಲಿತಾಂಶ ಕೊಟ್ಟರೆಂದ ಮೇಲೆ, ಜನ ಟಿಕೆಟ್ ಕೊಂಡದ್ದು ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಅಣ್ಣನ ವಿಷಯ. ನನಗಿಂತ ಏಳು ವರ್ಷ ದೊಡ್ಡವನು, ಅಲಿ ಎಂದರೆ ಪ್ರಾಣ. ಪತ್ರಿಕೆಯಲ್ಲಿ ಬಂದ ಅಲಿಯ ಚಿತ್ರಗಳನ್ನೆಲ್ಲ ಕತ್ತರಿಸಿ ಹಳೆಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಅನ್ನದ ಅಗುಳಿನಿಂದ ಅಂಟಿಸುತ್ತಿದ್ದ. 1980ರ ಅಕ್ಟೋಬರ್ 2ರಂದು ಲಾಸ್ ವೇಗಾಸ್‌ನಲ್ಲಿ 38 ವರ್ಷದ ಅಲಿ ಲ್ಯಾರಿ ಹೋಮ್ಸ್‌ಗೆ ಸೋತ. ಹತ್ತು ಸುತ್ತುಗಳಾದ ಮೇಲೆ ಅಲಿಯ ಕಡೆಯವರೇ ಪಂದ್ಯ ನಿಲ್ಲಿಸಿದರು. ಆ ಸುದ್ದಿಯನ್ನು ಅಣ್ಣ ಅಂಟಿಸಲಿಲ್ಲ. ಅದು ಲೆಕ್ಕಕ್ಕಿಲ್ಲ ಎಂದ. ಆ ನೋಟ್‌ಬುಕ್ ಈಗಲೂ ನಮ್ಮ ತವರಿನ ಟ್ರಂಕಿನಲ್ಲಿದೆ, ಅದರಲ್ಲಿ ಹೋಮ್ಸ್‌ನ ಹೆಸರೇ ಇಲ್ಲ. ಆ ಹೋಮ್ಸ್ ಯಾರು ಎಂದು ತಿಳಿಯುವ ಕುತೂಹಲದಿಂದಲೇ ನಾನು ಎಷ್ಟೋ ವರ್ಷಗಳ ನಂತರ ಈ ಪುಸ್ತಕಗಳನ್ನು ಹಿಡಿದದ್ದು.

ಹೋಮ್ಸ್ ಒಂದು ಕಾಲದಲ್ಲಿ ಅಭ್ಯಾಸದಲ್ಲಿ ಅಲಿಯ ಜೊತೆಗಾರನಾಗಿದ್ದವನು. ಗುರುವಿನಂತಿದ್ದವನನ್ನು ಹೊಡೆದ ಆ ರಾತ್ರಿ ಆತನೂ ಅತ್ತ. ಮಾರ್ಸಿಯಾನೋ ಅತ್ತದ್ದನ್ನು ದೊಡ್ಡತನವೆಂದು ಹೇಳಿಕೊಳ್ಳುವ ಜನ ಹೋಮ್ಸ್ ಅತ್ತದ್ದನ್ನು ಹೇಳುವುದೇ ಅಪರೂಪ. ಅಲಿಯ ಅಭಿಮಾನಿಗಳು ಆತನನ್ನು ಕ್ಷಮಿಸಲಿಲ್ಲ. 1982ರಲ್ಲಿ ಗೆರಿ ಕೂನಿಯ ಜೊತೆಗಿನ ಪಂದ್ಯವನ್ನು ಬಿಳಿಯರ ಭರವಸೆ ಎಂಬ ಹಳೆಯ ಮಾತಿನಿಂದಲೇ ಮಾರಿದರು. ಹೋಮ್ಸ್ ಗೆದ್ದ, ಆದರೆ ಪ್ರೀತಿ ದೊರೆಯಲಿಲ್ಲ. 1985ರ ಹೊತ್ತಿಗೆ ಆತನ ಲೆಕ್ಕ 48 ಗೆಲುವು, ಸೋಲು ಸೊನ್ನೆ. ಇನ್ನೊಂದು ಗೆದ್ದರೆ ಮಾರ್ಸಿಯಾನೋಗೆ ಸಮ. ಆ ಪಂದ್ಯ ನಡೆದದ್ದು ಸೆಪ್ಟೆಂಬರ್ 21ರಂದು, ಮಾರ್ಸಿಯಾನೋ ತನ್ನ ಕೊನೆಯ ಪಂದ್ಯ ಆಡಿ ಸರಿಯಾಗಿ ಮೂವತ್ತು ವರ್ಷವಾದ ದಿನ. ಕೆಳಗಿನ ತೂಕದ ಚಾಂಪಿಯನ್ ಮೈಕೇಲ್ ಸ್ಪಿಂಕ್ಸ್‌ಗೆ ಅಂಕಗಳ ಮೇಲೆ ಹೋಮ್ಸ್ ಸೋತ. ನೋವಿನಲ್ಲಿ, ಮಾರ್ಸಿಯಾನೋ ತನ್ನ ಒಳಉಡುಪು ಹೊರಲೂ ಯೋಗ್ಯನಲ್ಲ ಎಂಬ ಅರ್ಥದ ಮಾತಾಡಿಬಿಟ್ಟ. ಮಾರ್ಸಿಯಾನೋನ ತಮ್ಮನೂ ಅಲ್ಲಿದ್ದ. ಆಮೇಲೆ ಹೋಮ್ಸ್ ಕ್ಷಮೆ ಕೇಳಿದ. ಏಳು ವರ್ಷ ಚಾಂಪಿಯನ್ ಆಗಿದ್ದು ಪಟ್ಟವನ್ನು 20 ಸಲ ಉಳಿಸಿಕೊಂಡ ಮನುಷ್ಯನನ್ನು ಬಹಳ ಮಂದಿ ನೆನೆಯುವುದು ಆ ಒಂದು ಮಾತಿನಿಂದ. ಆತ ಆಡಿದ್ದು ತಪ್ಪು. ಆದರೆ ಬೇರೊಬ್ಬರ ಹೆಸರಿನ ನೆರಳಿನಲ್ಲೇ ವರ್ಷಗಟ್ಟಲೆ ದುಡಿದವನ ಸಿಟ್ಟು ಎಲ್ಲಿಂದ ಬಂತು ಎಂಬುದನ್ನೂ ಬರೆಯಬೇಕಲ್ಲವೇ?

2017ರ ಆಗಸ್ಟ್‌ನಲ್ಲಿ ಫ್ಲಾಯ್ಡ್ ಮೇವೆದರ್ ತನ್ನ ಐವತ್ತನೆಯ ಗೆಲುವು ಪಡೆದ. ಎದುರಾಳಿ ಕಾನರ್ ಮೆಕ್‌ಗ್ರೆಗರ್ ಅದಕ್ಕೆ ಮೊದಲು ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿದವನಲ್ಲ. ಇದನ್ನು ಎಣಿಸಬಾರದು ಎಂದು ಮಾರ್ಸಿಯಾನೋನ ಕಡೆಯವರು ಹೇಳಿದರು. ಮಾರ್ಸಿಯಾನೋನ ಮೊದಲ ದಿನಗಳ ಎದುರಾಳಿಗಳಲ್ಲೂ ಯಾರೂ ಕೇಳರಿಯದ ಹೆಸರುಗಳು ಬಹಳ ಇವೆ, ಅವನ್ನು ಅವರು ಕಳೆಯುವುದಿಲ್ಲ. ಥಾಯ್ಲೆಂಡಿನ ವಾನ್‌ಹೆಂಗ್ ಮೆನಯೋಥಿನ್ 2018ರಲ್ಲಿ ಆ ಐವತ್ತನ್ನೂ ದಾಟಿ 54ರವರೆಗೆ ಹೋಗಿ, 2020ರ ನವೆಂಬರ್‌ನಲ್ಲಿ ಸೋತ. ಆತ 48 ಕಿಲೋಗಿಂತ ಕಡಿಮೆ ತೂಕದ ದರ್ಜೆಯವನು. ಅವನಿಗಾಗಿ ಅಮೆರಿಕದಲ್ಲಿ ಯಾರೂ ಜಗಳವಾಡಲಿಲ್ಲ. ಲೆಕ್ಕವೇ ಮುಖ್ಯವಾಗಿದ್ದರೆ ಆತನ ಹೆಸರು ಎಲ್ಲರ ಬಾಯಲ್ಲಿ ಇರಬೇಕಿತ್ತು. ಇತ್ತ, ಹತ್ತೊಂಬತ್ತು ಸಲ ಸೋತ ಶುಗರ್ ರೇ ರಾಬಿನ್ಸನ್‌ನನ್ನು ಬಲ್ಲವರು ಬಹಳಷ್ಟು ಮಂದಿ ಎಲ್ಲ ತೂಕದವರಲ್ಲೂ ಶ್ರೇಷ್ಠನೆಂದು ಒಪ್ಪುತ್ತಾರೆ.

ಪ್ರಶಸ್ತಿ ಶಾಸನವನ್ನು ಓದುವಾಗ ಅದನ್ನು ಬರೆಸಿದವರು ಯಾರು ಎಂದು ಮೊದಲು ನೋಡಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಹಾಗೆಂದು ಶಾಸನವನ್ನು ಬಿಸಾಡುವುದಿಲ್ಲ. ಅಭಿಮಾನಿಗಳ ಮಾತೂ ಹಾಗೆಯೇ. ಆ ಮಾತಿನಿಂದ ಬಾಕ್ಸರ್‌ನ ಬಲ ಎಷ್ಟೆಂದು ತಿಳಿಯದೆ ಇರಬಹುದು. ಆದರೆ ವಲಸೆ ಬಂದ ಜನಕ್ಕೆ, ಅವಮಾನ ಉಂಡ ಜನಕ್ಕೆ, ದುಡಿಮೆಯಿಂದ ಬಸವಳಿದ ಒಂದು ಊರಿಗೆ ಏನು ಬೇಕಾಗಿತ್ತು ಎಂಬುದು ತಿಳಿಯುತ್ತದೆ. ಅದು ಚರಿತ್ರೆಯೇ. ತೊಂದರೆ ಇರುವುದು ಒಂದು ಕಡೆ: ಕಣದಲ್ಲಿ ಇಬ್ಬರಿದ್ದರು ಎಂಬುದನ್ನು ಆ ಪ್ರೀತಿ ಮರೆಸುತ್ತದೆ. ಹನ್ನೆರಡು ಸುತ್ತು ಮುಂದಿದ್ದು ಹದಿಮೂರರಲ್ಲಿ ಬಿದ್ದ ವಾಲ್ಕಾಟ್‌ಗೂ ಒಂದು ಮನೆಯಿತ್ತು, ಅವನ ಹಿಂದೆಯೂ ಜನರಿದ್ದರು.

2012ರಲ್ಲಿ ಬ್ರಾಕ್ಟನ್‌ನಲ್ಲಿ ಮಾರ್ಸಿಯಾನೋನ ದೊಡ್ಡ ಕಂಚಿನ ಪ್ರತಿಮೆ ನಿಲ್ಲಿಸಿದರು. 2015ರಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ, ಹೋಮ್ಸ್ ಬೆಳೆದ ಊರಿನಲ್ಲಿ, ಅವನ ಪ್ರತಿಮೆಯೂ ಎದ್ದಿತು. ಆ ಎರಡು ಊರಿನ ಮಕ್ಕಳಿಗೆ ಯಾರು ದೊಡ್ಡವರು ಎಂದು ಕೇಳಿದರೆ ಎರಡು ಉತ್ತರ ಬಂದೀತು. ನನ್ನ ತರಗತಿಯಲ್ಲಿ ಕೂತು ಬರೆದರೆ ಎರಡಕ್ಕೂ ಅಂಕ ಕೊಡುತ್ತೇನೆ. ಆದರೆ ಗೆದ್ದವನ ಹೆಸರಿನ ಕೆಳಗೆ ಸೋತವನ ಹೆಸರು, ಅವನ ವಯಸ್ಸು, ಆ ಪಂದ್ಯ ಆಡಲು ಅವನಿಗಿದ್ದ ಕಾರಣ, ಇಷ್ಟನ್ನೂ ಬರೆಯಲೇಬೇಕು.