ಆಳ ಹಿಮದಲ್ಲಿ ನಾಲ್ಕು ಚಕ್ರ ಚಾಲಿತ ವಾಹನಗಳ ಚಾಲನೆ

ಎಂಜಿನ್ನಿನ ಬಲವು ನಾಲ್ಕೂ ಚಕ್ರಗಳಿಗೆ ದೊರೆಯುವ ವಾಹನಗಳನ್ನು ರಸ್ತೆಯಿಲ್ಲದ ಹಿಮಪ್ರದೇಶದಲ್ಲಿ ನಡೆಸುವ ಪದ್ಧತಿಯು ಐಸ್‌ಲ್ಯಾಂಡ್ ದೇಶದಲ್ಲಿ ವಿಶೇಷವಾಗಿ ಬೆಳೆದಿದೆ. ಅಲ್ಲಿನ ವಾಟ್ನಾಯೋಕುಲ್, ಲಾಂಗ್‌ಯೋಕುಲ್ ಹಿಮನದಿಗಳ ಮೇಲೆ 38ರಿಂದ 44 ಇಂಚು ವ್ಯಾಸದ ಟೈರುಗಳನ್ನು ಅಳವಡಿಸಿದ ಜೀಪುಗಳು ಸಂಚರಿಸುತ್ತವೆ.

ಈ ಚಾಲನೆಯ ಮುಖ್ಯ ತತ್ತ್ವವೆಂದರೆ ಹಿಮವನ್ನು ಸೀಳಿ ಸಾಗುವುದಲ್ಲ, ಅದರ ಮೇಲೆ ತೇಲಿ ಸಾಗುವುದು. ಸಾಮಾನ್ಯ ರಸ್ತೆಯಲ್ಲಿ ಸುಮಾರು 30 ಪಿಎಸ್‌ಐ ಇರುವ ಟೈರಿನ ಒತ್ತಡವನ್ನು ಸಡಿಲ ಹಿಮದಲ್ಲಿ 3-4 ಪಿಎಸ್‌ಐವರೆಗೂ ಇಳಿಸುತ್ತಾರೆ. ಆಗ ಟೈರು ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ವಾಹನದ ಭಾರವು ಹೆಚ್ಚು ವಿಸ್ತಾರದ ಮೇಲೆ ಹಂಚಿಹೋಗುತ್ತದೆ. ಆದರೆ ಇಷ್ಟು ಕಡಿಮೆ ಗಾಳಿಯಿರುವಾಗ ಚಕ್ರವನ್ನು ಥಟ್ಟನೆ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ವಾಹನ ಹೂತಾಗ ಆಕ್ಸಿಲರೇಟರನ್ನು ಬಲವಾಗಿ ಒತ್ತುವುದು ಹೊಸಬರ ಸಾಮಾನ್ಯ ತಪ್ಪು. ಚಕ್ರವು ಜಾರುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಬಂದ ಜಾಡಿನಲ್ಲೇ ಹಿಂದೆ ಸರಿದು ಮತ್ತೆ ಮುನ್ನುಗ್ಗುವುದು ಮೇಲು.

ಹಿಮನದಿಯ ಬಿರುಕುಗಳು ತೆಳುವಾದ ಹಿಮದ ಪದರದಡಿ ಅಡಗಿರುವುದರಿಂದ ಒಂಟಿ ವಾಹನದ ಪ್ರಯಾಣ ಪ್ರಾಣಾಪಾಯಕಾರಿ. ಹೂತು ನಿಂತ ವಾಹನದ ಹೊಗೆಕೊಳವೆ ಹಿಮದಿಂದ ಮುಚ್ಚಿದ್ದರೆ ಎಂಜಿನ್ ಚಾಲೂ ಇಡಬಾರದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಒಳಗೆ ತುಂಬಿ ಸಾವು ಸಂಭವಿಸಬಹುದು.

2007ರಲ್ಲಿ ಬಿಬಿಸಿಯ 'ಟಾಪ್ ಗೇರ್' ತಂಡವು ಮಾರ್ಪಡಿಸಿದ ಟೊಯೋಟಾ ಹೈಲಕ್ಸ್‌ನಲ್ಲಿ ಉತ್ತರ ಕಾಂತೀಯ ಧ್ರುವದ 1996ರ ಸ್ಥಾನವನ್ನು ತಲುಪಿತು. ಇದು ಭೌಗೋಳಿಕ ಉತ್ತರ ಧ್ರುವವಲ್ಲ.

ಐಸ್‌ಲ್ಯಾಂಡಿನ ಕಾನೂನು ರಸ್ತೆ ಬಿಟ್ಟು ವಾಹನ ಓಡಿಸುವುದನ್ನು ನಿಷೇಧಿಸುತ್ತದೆ. ಹಿಮನದಿಗಳಿಗೂ, ಹೆಪ್ಪುಗಟ್ಟಿ ಹಿಮ ಹೊದ್ದ ನೆಲಕ್ಕೂ ವಿನಾಯಿತಿಯಿದೆ.