ಕಾಫಿಗೆ ಹೆಸರು, ಹೆಸರಿಗೆ ಒಡೆಯ ಯಾರು?



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸಂಘದ ಚರಿತ್ರೆಯನ್ನು ಹಿರಿಯರು ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಬರೆಯಹೊರಟಿದ್ದು ಸಮುದ್ರದಾಚೆಯ ಒಂದು ಚರಿತ್ರೆ. ಯಾಕೆ ಅಂದ್ರೆ, ಕಳೆದ ಮಹಾಸಭೆಯಲ್ಲಿ ಕೆಲವು ಸದಸ್ಯರು ನಮ್ಮ ಕಾಫಿ ಪುಡಿಯನ್ನು ದುಬೈಗೆ ಕಳಿಸೋಣ, ನಮ್ಮೂರ ಹುಡುಗರು ಅಲ್ಲಿದ್ದಾರಲ್ಲ ಅಂತ ಸೂಚಿಸಿದರು. ಒಳ್ಳೆಯ ಮಾತೇ. ಆದರೆ ಪುಡಿ ಹಡಗು ಹತ್ತುವ ಮೊದಲು ಅದರ ಹೆಸರು ಯಾರ ಕೈಲಿರಬೇಕು ಅನ್ನೋದಕ್ಕೆ ಇಥಿಯೋಪಿಯ ದೇಶದವರು ಪಟ್ಟ ಪಾಡನ್ನು ಎಲ್ಲರೂ ತಿಳಿಯಬೇಕು ಅಂತ ನಮ್ಮ ಆಸೆ.

ಅರೇಬಿಕಾ ಕಾಫಿಯ ತವರೇ ಇಥಿಯೋಪಿಯ. ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಅಂತ ನಾವೆಲ್ಲ ಕೇಳಿದ್ದೇವೆ. ಆ ಯೆಮೆನ್‌ಗೂ ಕಾಫಿ ಹೋದದ್ದು ಇಥಿಯೋಪಿಯದಿಂದಲೇ. ಹಾಗೆ ನೋಡಿದರೆ ಅದು ನಮ್ಮ ಗಿಡಗಳ ಅಜ್ಜಿಮನೆ.

ಅಲ್ಲಿ ಸಿಡಾಮೊ, ಹರಾರ್, ಯಿರ್ಗಾಚೆಫೆ ಅಂತ ಸೀಮೆಗಳಿವೆ. ಆಯಾ ಸೀಮೆಯ ಕಾಫಿಗೆ ಅದರದ್ದೇ ರುಚಿ, ಜಗತ್ತಿನಲ್ಲೆಲ್ಲ ಹೆಸರು. ಬೆಳೆಯುವವರು ನಮ್ಮ ಹಾಗೆಯೇ ಸಣ್ಣ ಹಿಡುವಳಿದಾರರು, ಲಕ್ಷಾಂತರ ಮಂದಿ. ಕಾಫಿಯನ್ನು ನಂಬಿ ಬದುಕುವವರು ಸುಮಾರು ಒಂದೂವರೆ ಕೋಟಿ ಅಂತ ಆಗ ಲೆಕ್ಕ ಹೇಳುತ್ತಿದ್ದರು. ಅಮೆರಿಕದ ಅಂಗಡಿಯಲ್ಲಿ ಒಂದು ಪೌಂಡ್, ಅಂದ್ರೆ ಅರ್ಧ ಕಿಲೋಗೂ ಕಡಿಮೆ, ಒಳ್ಳೆಯ ಸಿಡಾಮೊ ಕಾಫಿ 26 ಡಾಲರಿಗೆ ಮಾರಿದ್ದೂ ಉಂಟು. ಬೆಳೆದವರಿಗೆ ಅದರಲ್ಲಿ ದಕ್ಕುತ್ತಿದ್ದುದು ಒಂದು ಡಾಲರಿನ ಆಚೀಚೆ. ಮಿಕ್ಕಿದ್ದೆಲ್ಲ ಹೆಸರಿಟ್ಟು ಮಾರುವವರ ಪಾಲು. ಕಣದಲ್ಲಿ ಚೆರಿ ಒಣಗಿಸಿದ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಆ ಸರ್ಕಾರ ಈ ಮೂರು ಹೆಸರುಗಳನ್ನು ಹೊರದೇಶಗಳಲ್ಲಿ ತನ್ನ ಟ್ರೇಡ್ ಮಾರ್ಕ್ ಆಗಿ ನೋಂದಾಯಿಸಲು ಹೊರಟಿತು. ಅಮೆರಿಕದಲ್ಲಿ 2005ರಲ್ಲಿ ಅರ್ಜಿ ಹಾಕಿತು. ನೋಡಿದರೆ ಸಿಡಾಮೊ ವಿಷಯದಲ್ಲಿ ಮುಂದೆ ಒಂದು ಅರ್ಜಿ ಆಗಲೇ ಕೂತಿದೆ! ಸ್ಟಾರ್‌ಬಕ್ಸ್ ಕಂಪನಿ 2004ರಲ್ಲೇ ಸಿಡಾಮೊ ಹೆಸರು ಸೇರಿದ ತನ್ನದೊಂದು ಕಾಫಿಯ ಹೆಸರನ್ನು ನೋಂದಾಯಿಸಲು ಅರ್ಜಿ ಕೊಟ್ಟಿತ್ತು. ಊರು ಇವರದು, ಗಿಡ ಇವರದು, ಸರದಿಯಲ್ಲಿ ಮಾತ್ರ ಇವರೇ ಹಿಂದೆ. 2006ರಲ್ಲಿ ಕಂಪನಿ ಆ ಅರ್ಜಿಯನ್ನು ಕೈಬಿಟ್ಟಿತು. ಅಷ್ಟಕ್ಕೇ ಮುಗಿಯಲಿಲ್ಲ. ಅಮೆರಿಕದ ಕಾಫಿ ವ್ಯಾಪಾರಿಗಳ ಸಂಘ ಎದ್ದು, ಇವು ಬರೀ ಕಾಫಿಯ ಬಗೆಯ ಹೆಸರುಗಳು, ಯಾರೊಬ್ಬರ ಸ್ವತ್ತೂ ಅಲ್ಲ ಅಂತ ತಕರಾರು ತೆಗೆಯಿತು. ನಮಗನ್ನಿಸುವುದು, ವರ್ಷಗಟ್ಟಲೆ ಯಾರೂ ಹಕ್ಕು ಹೇಳದೆ ಬಿಟ್ಟ ಹೆಸರಿಗೆ ಈ ಮಾತು ಬಂದೇ ಬರುತ್ತದೆ. ಬೇಲಿ ಹಾಕದ ಜಾಗ ದಾರಿಯಾಗುತ್ತದಲ್ಲ, ಹಾಗೆ.

ಹಾಗಾದರೆ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುವ ಮುದ್ರೆ ತೆಗೆದುಕೊಳ್ಳಿ ಅಂತ ಸ್ಟಾರ್‌ಬಕ್ಸ್‌ನವರು ಸಲಹೆ ಕೊಟ್ಟರು. ಇಥಿಯೋಪಿಯದವರು ಒಪ್ಪಲಿಲ್ಲ. ಗುಡ್ಡಗಾಡಿನಲ್ಲಿ ಚದುರಿದ ಲಕ್ಷಾಂತರ ತುಂಡು ಹಿಡುವಳಿಗಳನ್ನು ಯಾವ ಇನ್‌ಸ್ಪೆಕ್ಟರ್ ಹೋಗಿ ನೋಡುತ್ತಾನೆ, ಅವನ ಖರ್ಚನ್ನು ಯಾರು ಕೊಡುತ್ತಾರೆ ಅನ್ನೋದು ಅವರ ವಾದ. ಇದು ಬುದ್ಧಿವಂತಿಕೆಯ ಮಾತು ಅಂತ ನಮ್ಮ ಅಭಿಪ್ರಾಯ.

ಆಕ್ಸ್‌ಫ್ಯಾಮ್ ಸಂಸ್ಥೆ ರೈತರ ಪರ ನಿಂತಿತು. ಹೆಸರಿನ ಹಕ್ಕು ಸಿಕ್ಕರೆ ವರ್ಷಕ್ಕೆ 8 ಕೋಟಿ 80 ಲಕ್ಷ ಡಾಲರ್ ಹೆಚ್ಚು ಬರಬಹುದು ಅಂತ ಅದರ ಅಂದಾಜು. ಸಾವಿರಾರು ಗ್ರಾಹಕರು ಕಂಪನಿಗೆ ಪತ್ರ ಬರೆದರು. ಕೊನೆಗೆ 2007ರ ಜೂನ್‌ನಲ್ಲಿ ಒಪ್ಪಂದವಾಯಿತು, ಮೂರೂ ಹೆಸರು ಇಥಿಯೋಪಿಯದ್ದೇ ಅಂತ ಸ್ಟಾರ್‌ಬಕ್ಸ್ ಒಪ್ಪಿತು. ಯಿರ್ಗಾಚೆಫೆಗೆ 2006ರಲ್ಲೇ ಅಮೆರಿಕದ ನೋಂದಣಿ ಆಗಿತ್ತು, ಸಿಡಾಮೊಗೆ 2008ರಲ್ಲಿ ಆಯಿತು. ಜಪಾನಿನಲ್ಲೂ ಅಲ್ಲಿನ ಕಾಫಿ ವರ್ತಕರು ತಕರಾರು ಮಾಡಿ, 2010ರಲ್ಲಿ ಹೈಕೋರ್ಟಿನವರೆಗೆ ಹೋಗಿ ಹೆಸರು ಉಳಿಸಿಕೊಳ್ಳಬೇಕಾಯಿತು. ಒಂದು ದೇಶದಲ್ಲಿ ಗೆದ್ದದ್ದು ಇನ್ನೊಂದಕ್ಕೆ ನಡೆಯುವುದಿಲ್ಲ ನೋಡಿ. ಹೆಸರು ಬಂದ ಕೂಡಲೇ ರೈತನ ಮನೆಗೆ ದುಡ್ಡು ಸುರಿಯಿತು ಅಂತಲೂ ತಿಳಿಯಬೇಡಿ. ಹೆಸರು ಬಳಸಲು ಕೊಟ್ಟ ಲೈಸೆನ್ಸಿಗೆ ಅವರು ಶುಲ್ಕವನ್ನೇ ಇಟ್ಟಿರಲಿಲ್ಲ. ಅವರಿಗೆ ಸಿಕ್ಕಿದ್ದು ಮಾತಾಡಲು ಒಂದು ಕುರ್ಚಿ.

ಇನ್ನು ನಮ್ಮ ವಿಷಯ. ಪೂಲಿಂಗ್ ಇದ್ದ ಕಾಲದಲ್ಲಿ ಕಾಫಿಯನ್ನು ಮಂಡಳಿಗೆ ಹಾಕಿ ಸುಮ್ಮನಿರುತ್ತಿದ್ದೆವು, ಹೆಸರಿನ ಯೋಚನೆ ಯಾರಿಗಿತ್ತು? 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಜಿ.ಐ. ಮಾನ್ಯತೆ ಬಂದಿದೆ. ಅದು ಸೀಮೆಗೆ ಸೇರಿದ ಹೆಸರು, ಒಂದು ಸಂಘದ ಸ್ವಂತ ಹೆಸರಲ್ಲ. ನಮ್ಮ ಪೊಟ್ಟಣದ ಮೇಲಿನ ಹೆಸರು ಬೇರೆಯೇ ಟ್ರೇಡ್ ಮಾರ್ಕ್ ಆಗಬೇಕು, ಮತ್ತು ಇಲ್ಲಿ ರಿಜಿಸ್ಟರ್ ಮಾಡಿಸಿದ್ದು ಭಾರತದೊಳಗೆ ಮಾತ್ರ. ಇಲ್ಲಿ ಮೊದಲ ಅರ್ಜಿ ಹಾಕಿದ ಆರು ತಿಂಗಳೊಳಗೆ ಹೊರದೇಶದಲ್ಲಿ ಹಾಕಿದರೆ ಇಲ್ಲಿನ ತಾರೀಖೇ ಅಲ್ಲಿಗೂ ಲೆಕ್ಕಕ್ಕೆ ಬರುತ್ತದೆ. ಭಾರತ 2013ರಲ್ಲಿ ಮ್ಯಾಡ್ರಿಡ್ ಒಪ್ಪಂದದ ವ್ಯವಸ್ಥೆಗೆ ಸೇರಿದ್ದರಿಂದ ಒಂದೇ ಅರ್ಜಿಯಲ್ಲಿ ಹಲವು ದೇಶ ಕೇಳಬಹುದು. ದುಬೈ ಇರುವ ಯು.ಎ.ಇ. ಕೂಡ 2021ರ ಕೊನೆಯಲ್ಲಿ ಸೇರಿದೆ. ಖರ್ಚು ದೇಶಕ್ಕೆ ಇಷ್ಟು ಅಂತ ಬೀಳುತ್ತದೆ, ಅದಕ್ಕೇ ಎಲ್ಲ ಕಡೆ ಕೇಳುವುದು ನಮ್ಮಂಥವರಿಗೆ ಆಗದು. ಕಳಿಸುವ ದೇಶಕ್ಕೆ ಮಾತ್ರ ಸಾಕು.

ಪೊಟ್ಟಣದ ಹೆಸರಿನ ವಿಷಯ ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿದೆ. ಹೆಸರು ಸೂಚಿಸುವವರು ಚೀಟಿಯಲ್ಲಿ ಬರೆದು ಕಾರ್ಯದರ್ಶಿಗಳ ಕೈಗೆ ಕೊಡಿ. ತೀರ್ಮಾನ ಆಗುವ ತನಕ ದುಬೈ ಹುಡುಗರಿಗೆ ಸ್ಯಾಂಪಲ್ ಕಳಿಸುವುದಾದರೆ ಹೆಸರಿಲ್ಲದ ಬಿಳಿ ಪೊಟ್ಟಣದಲ್ಲೇ ಕಳಿಸುವುದು.